ಹಲಸಂಗಿ ಗೆಳೆಯರು ಕೂಡಿಟ್ಟ ಬುತ್ತಿ

ಕೋಳಿ ಕೂಗುವ ಮುನ್ನ ಎದ್ದು, ಬೀಸುವ ಕಲ್ಲಿನ ಮುಂದೆ ಕುಳಿತು, ಮನೆಮಂದಿಯ ರೊಟ್ಟಿಗೆ ಬೇಕಾದ ಜೋಳವನ್ನು ಬೀಸುವುದು ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ನಿತ್ಯದ ದುಡಿಮೆಯಾಗಿತ್ತು. ಆ ದಣಿವನ್ನು ಮರೆಯಲು ಅವರು ಹಾಡುತ್ತಿದ್ದರು. ತವರಿನ ನೆನಪು, ತೊಟ್ಟಿಲ ಕೂಸು, ಅತ್ತೆಯ ಮನೆಯ ಸುಖದುಃಖ ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ ಅಡಕವಾಗುತ್ತಿದ್ದವು. ಹಿಟ್ಟು ಬೀಸಿ ಮುಗಿದರೆ ಹಾಡೂ ಮುಗಿಯಿತು. ಅದನ್ನು ಬರೆದಿಡಬೇಕೆಂದು ಓದು ಬಲ್ಲವರಿಗೆ ತೋಚುವುದು ಅಪರೂಪವಾಗಿತ್ತು.

ಹಾಗೆ ತೋಚಿದ್ದು ವಿಜಾಪುರ ಜಿಲ್ಲೆಯ ಗಡಿಭಾಗದ ಹಲಸಂಗಿಯಲ್ಲಿ. ಹಿಂದಿನ ಇಂಡಿ ತಾಲ್ಲೂಕಿಗೆ ಸೇರಿದ ಈ ಹಳ್ಳಿ ಆಗ ಮುಂಬೈ ಪ್ರಾಂತದಲ್ಲಿತ್ತು. ಪಟ್ಟಣದ ಸೌಕರ್ಯವಾಗಲಿ, ಕಾಲೇಜಾಗಲಿ, ಅರಸರ ಆಶ್ರಯವಾಗಲಿ ಇಲ್ಲದ ಇಂಥ ಊರಿನಲ್ಲಿ ಕೆಲವು ತರುಣರು ಒಂದುಗೂಡಿದರು. ‘ಮಧುರಚೆನ್ನ’ ಎಂದು ಹೆಸರಾದ ಚನ್ನಮಲ್ಲಪ್ಪ ಗಲಗಲಿ, ಶಾಲಾ ಶಿಕ್ಷಕ ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮತ್ತು ಕಾಪಸೆ ರೇವಪ್ಪ ಇವರಲ್ಲಿ ಪ್ರಮುಖರು. ಕನ್ನಡ ಸಾಹಿತ್ಯ ಚರಿತ್ರೆ ಇವರನ್ನು ‘ಹಲಸಂಗಿ ಗೆಳೆಯರು’ ಎಂದೇ ಗುರುತಿಸುತ್ತದೆ.

ಸಮಾಜದ ಕೊರತೆಯೊಂದನ್ನು ಕಂಡು, ಯಾರ ಅಪ್ಪಣೆಗೂ ಕಾಯದೆ, ಇದ್ದ ಸಾಧನಗಳಿಂದಲೇ ಅದನ್ನು ನೀಗಿಸಲು ಹೊರಡುವವರನ್ನು ಇಂದು ‘ಸಾಮಾಜಿಕ ಉದ್ಯಮಿ’ ಎನ್ನುವುದು ರೂಢಿ. ಬಡ ಹೆಂಗಸರಿಗೆ ಸಣ್ಣ ಸಾಲ ನೀಡಿದ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕನ್ನು (1983) ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಹಲಸಂಗಿಯ ಗೆಳೆಯರು ಈ ಮಾತನ್ನು ಕೇಳಿದವರಲ್ಲ. ಅವರು ಹಣದ ವ್ಯವಹಾರ ಮಾಡಿದವರೂ ಅಲ್ಲ. ಆದರೂ ಒಬ್ಬಿಬ್ಬರ ಪ್ರಯತ್ನ ಹೇಗೆ ಊರಿನ ಗಡಿ ದಾಟಿ ನಾಡಿನ ಸ್ವತ್ತಾಗುತ್ತದೆ ಎಂಬುದಕ್ಕೆ ಅವರ ಕೆಲಸಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು.

ಪರರ ಸಂಗ್ರಹ, ಮನೆಯ ಸಂಗ್ರಹ

ಕನ್ನಡದ ಜನಪದ ಹಾಡುಗಳನ್ನು ಮೊದಲು ಕೂಡಿಸಿದವರು ಇವರೇ ಎನ್ನುವಂತಿಲ್ಲ. ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳನ್ನು ಕುರಿತ ಇಂಗ್ಲಿಷ್ ಪುಸ್ತಕವನ್ನು 1871ರಲ್ಲೇ ಹೊರತಂದಿದ್ದ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸೇರಿದಂತೆ ಹಲವು ಐತಿಹಾಸಿಕ ಲಾವಣಿಗಳನ್ನು 1880ರ ದಶಕದಲ್ಲಿ ಪ್ರಕಟಿಸಿದ. ಅವು ಬೆಲೆಯುಳ್ಳ ಕೆಲಸಗಳೇ. ಆದರೆ ಅವು ತಲುಪಿದ್ದು ಹೆಚ್ಚಾಗಿ ಇಂಗ್ಲಿಷ್ ಬಲ್ಲ ವಿದ್ವಾಂಸರನ್ನು. ಹಾಡಿದವರ ಕೇರಿಗೆ ಅವು ಮರಳಲಿಲ್ಲ.

ಹಲಸಂಗಿಯವರು ಹೊರಗಿನಿಂದ ಬಂದವರಲ್ಲ. ಹಾಡುವವರು ಅವರ ಸೀಮೆಯ ತಾಯಂದಿರು, ಅಕ್ಕತಂಗಿಯರು. ಆ ಮಾತಿನ ಒಳದನಿ ಅವರಿಗೆ ಹುಟ್ಟಿನಿಂದಲೇ ಪರಿಚಿತ. 1931ರಲ್ಲಿ ‘ಗರತಿಯ ಹಾಡು’ ಸಂಕಲನ ಕನ್ನಡದಲ್ಲೇ, ಕನ್ನಡಿಗರಿಗಾಗಿಯೇ ಪ್ರಕಟವಾಯಿತು. ಬಿ.ಎಂ. ಶ್ರೀಕಂಠಯ್ಯ ಮತ್ತು ದ.ರಾ. ಬೇಂದ್ರೆಯವರಂಥ ಹಿರಿಯರು ಈ ಹಾಡುಗಳ ಹಿರಿಮೆಯನ್ನು ಎತ್ತಿ ಹೇಳಿದರು. ಅಕ್ಷರ ಬಾರದ ಹೆಂಗಸರ ಹಾಡನ್ನು ಹೊಸಗನ್ನಡ ಕಾವ್ಯದ ಆಚಾರ್ಯರು ಮನ್ನಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಕೆಲಸ ಒಂದು ಪುಸ್ತಕಕ್ಕೆ ನಿಲ್ಲಲಿಲ್ಲ. ಧೂಲಾಸಾಹೇಬರು ಲಾವಣಿಗಳನ್ನು ಕೂಡಿಸಿ 1933ರಲ್ಲಿ ‘ಜೀವನ ಸಂಗೀತ’ವನ್ನೂ, ಕಾಪಸೆ ರೇವಪ್ಪನವರು 1935ರಲ್ಲಿ ‘ಮಲ್ಲಿಗೆ ದಂಡೆ’ಯನ್ನೂ ಹೊರತಂದರು. ಹಿಂದೂ, ಮುಸಲ್ಮಾನ ಎಂಬ ಭೇದ ಈ ಬಳಗದಲ್ಲಿ ಅಡ್ಡ ಬರಲಿಲ್ಲ.

ಬದಲಾದದ್ದೇನು?

ಮಧುರಚೆನ್ನರು ಅರವಿಂದರ ಅನುಯಾಯಿಯಾಗಿ ಅನುಭಾವದ ಹಾದಿ ಹಿಡಿದರು, 1953ರಲ್ಲಿ ತೀರಿಕೊಂಡರು. ಲಿಂಗಣ್ಣನವರು ಮಾತ್ರ ದೀರ್ಘಕಾಲ ಬಾಳಿ, ಜನಪದ ಕಥೆ, ಗಾದೆ, ಜೀವನಗಳ ಬಗ್ಗೆ ಬರೆಯುತ್ತಲೇ ಹೋದರು. ಕೊಪ್ಪಳದಲ್ಲಿ ನಡೆದ 62ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ದೊರೆಯಿತು. ಬೀಸುಕಲ್ಲಿನ ಹಾಡಿಗೆ ಕಿವಿಗೊಟ್ಟ ಹಳ್ಳಿಯ ಶಿಕ್ಷಕನೊಬ್ಬನನ್ನು ಕನ್ನಡಿಗರು ಹಾಗೆ ಗೌರವಿಸಿದರು.

ಅಷ್ಟರೊಳಗೆ ಜಾನಪದ ಒಂದು ಶಾಸ್ತ್ರವಾಗಿ ಬೆಳೆದಿತ್ತು. ಬಿ.ಎಸ್. ಗದ್ದಗಿಮಠರು ಕನ್ನಡ ಜನಪದ ಗೀತೆಗಳ ಮೇಲೆ ಪಿಎಚ್.ಡಿ. ಪಡೆದರು. ಎಚ್.ಎಲ್. ನಾಗೇಗೌಡರು ಕಟ್ಟಿದ ‘ಜಾನಪದ ಲೋಕ’ 1994ರಲ್ಲಿ ರಾಮನಗರದ ಬಳಿ ತೆರೆಯಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಬಂದಿತು. ಇವೆಲ್ಲವನ್ನೂ ಹಲಸಂಗಿಯವರೇ ಮಾಡಿದರೆನ್ನುವುದು ಅತಿಶಯೋಕ್ತಿ. ಆದರೆ ಹಳ್ಳಿಯ ಹಾಡು ಓದಿಗೆ, ಅಭ್ಯಾಸಕ್ಕೆ, ಗೌರವಕ್ಕೆ ಯೋಗ್ಯವಾದದ್ದು ಎಂಬ ನಂಬಿಕೆಗೆ ಗಟ್ಟಿ ನೆಲೆ ಕೊಟ್ಟವರಲ್ಲಿ ಅವರು ಮುಂಚೂಣಿಯವರು.

ಬದಲಾವಣೆ ಬಾಳಿಕೆ ಬಂದುದರ ಗುಟ್ಟು ಇಲ್ಲಿಯೇ ಇದೆ. ಅವರು ಊರಿಗೆ ಹೊರಗಿನ ಸರಕನ್ನು ತರಲಿಲ್ಲ. ಊರಲ್ಲೇ ಇದ್ದದ್ದನ್ನು ಗುರುತಿಸಿದರು. ಒಬ್ಬರ ಹೆಸರಿಗೆ ಕಟ್ಟುಬೀಳದೆ ಬಳಗವಾಗಿ ದುಡಿದರು. ಕೂಡಿಸಿದ್ದನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ಅಚ್ಚು ಹಾಕಿಸಿದ್ದರಿಂದ ಮುಂದಿನವರು ಅದರ ಮೇಲೆ ಕಟ್ಟಲು ಸಾಧ್ಯವಾಯಿತು. ಕಾಲವೂ ಅವರಿಗೆ ಕೂಡಿಬಂತು. ಹಿಟ್ಟಿನ ಗಿರಣಿ ಹಳ್ಳಿಹಳ್ಳಿಗೂ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಹೆಣ್ಣುಮಕ್ಕಳ ರಟ್ಟೆಯ ನೋವು ತಪ್ಪಿದ್ದು ಒಳ್ಳೆಯದೇ. ಜೊತೆಗೆ ಹಾಡುವ ಸಂದರ್ಭವೂ ತಪ್ಪಿತು. ಇನ್ನೆರಡು ತಲೆಮಾರು ತಡವಾಗಿದ್ದರೆ ಎಷ್ಟು ತ್ರಿಪದಿಗಳು ಉಳಿಯುತ್ತಿದ್ದವೋ!

ಈ ಕಥೆಯಲ್ಲಿ ಒಂದು ಬಾಕಿಯೂ ಉಂಟು. ಸಂಗ್ರಹಿಸಿದವರ ಹೆಸರು ಚರಿತ್ರೆಯಲ್ಲಿ ನಿಂತಿದೆ. ಹಾಡು ಕಟ್ಟಿದ ಗರತಿಯರು ಯಾರು, ಯಾವ ಮನೆಯವರು ಎಂಬುದು ಬಾಯಿಂದ ಬಾಯಿಗೆ ಸಾಗುವ ದಾರಿಯಲ್ಲೇ ಅಳಿಸಿಹೋಗಿದೆ. ಹಲಸಂಗಿ ಗೆಳೆಯರನ್ನು ನೆನೆಯುವಾಗ ಆ ಬುತ್ತಿಯನ್ನು ಕಟ್ಟಿಕೊಟ್ಟ ಕೈಗಳನ್ನೂ ನೆನೆಯುವುದು ನ್ಯಾಯ.