ಕಾರ್ಕಳದ ಬುಧವಾರ, ಕಾಪುವಿನ ಗಡಿಯಾರ

ಕಾರ್ಕಳದ ಗೊಮ್ಮಟನನ್ನು ಪ್ರತಿಷ್ಠಾಪಿಸಿದ್ದು ಬುಧವಾರ. ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ ಎಂದು ಅಲ್ಲಿನ ಶಾಸನದಲ್ಲಿದೆ. ಶಾಸನತಜ್ಞರು ಅದನ್ನು ಕ್ರಿ.ಶ. 1432ರ ಫೆಬ್ರವರಿ 13 ಎಂದು ಲೆಕ್ಕ ಹಾಕಿದ್ದಾರೆ. ಈ ತಾರೀಕನ್ನು ಪೈಥಾನ್‌ಗೆ ಕೊಟ್ಟು ವಾರ ಯಾವುದೆಂದು ಕೇಳಿ ನೋಡಿ, ಸೋಮವಾರ ಎನ್ನುತ್ತದೆ. ಯುನಿಕ್ಸ್‌ನ ಹಳೆಯ ‘ಕ್ಯಾಲ್’ ಆಜ್ಞೆಯನ್ನು ಕೇಳಿದರೆ ಬುಧವಾರ ಎನ್ನುತ್ತದೆ.

ಎರಡೂ ತಮ್ಮ ಲೆಕ್ಕದಲ್ಲಿ ಸರಿಯೇ. ಪೈಥಾನ್ 1582ರಲ್ಲಿ ಹುಟ್ಟಿದ ಗ್ರೆಗೋರಿಯನ್ ಪಂಚಾಂಗವನ್ನು ಹಿಂದಕ್ಕೂ ಎಳೆದುಕೊಂಡು ಹೋಗುತ್ತದೆ. ‘ಕ್ಯಾಲ್’ ಮಾತ್ರ ಬ್ರಿಟನ್ ಪಂಚಾಂಗ ಬದಲಿಸಿದ 1752ಕ್ಕಿಂತ ಹಿಂದಿನದನ್ನೆಲ್ಲ ಜೂಲಿಯನ್ ಲೆಕ್ಕದಲ್ಲೇ ತೋರಿಸುತ್ತದೆ. ತಜ್ಞರ ತಾರೀಕೂ ಜೂಲಿಯನ್ನೇ. 1432ರಲ್ಲಿ ಇವೆರಡರ ನಡುವೆ ಒಂಬತ್ತು ದಿನಗಳ ಅಂತರವಿತ್ತು. ವೀರಪಾಂಡ್ಯನ ಬುಧವಾರ ನಮಗೆ ಸರಿಯಾಗಿ ಸಿಗಬೇಕಾದರೆ ಇಂಗ್ಲೆಂಡಿನ ಸಂಸತ್ತಿನ ನಿರ್ಣಯವೊಂದನ್ನು ನೆನಪಿಟ್ಟುಕೊಂಡ ಯಂತ್ರವೇ ಬೇಕು!

ಕಂಪ್ಯೂಟರಿನ ಕಾಲದೊಳಗೆ ಯಾವಾಗಲೂ ಯಾವುದೋ ಒಂದು ಊರು ಅಡಗಿರುತ್ತದೆ. ಇದು ನನಗೆ ಮನದಟ್ಟಾದದ್ದು ಕಾಪುವಿನ ಜೋಯಿಸರೊಬ್ಬರ ಮನೆಯಲ್ಲಿ. ಅವರ ಬಳಿ ತೊಂಬತ್ತರ ದಶಕದ ಒಂದು ಡಾಸ್ ಯಂತ್ರವಿದೆ. ಆಗ ಇಂಜಿನಿಯರಿಂಗ್ ಓದುತ್ತಿದ್ದ ಸಂಬಂಧಿಕ ಹುಡುಗನೊಬ್ಬ ಟರ್ಬೊ ಸಿ ಭಾಷೆಯಲ್ಲಿ ಬರೆದುಕೊಟ್ಟ ಪ್ರಶ್ನೆಯ ಪ್ರೋಗ್ರಾಂ ಅದರಲ್ಲಿದೆ. ಪ್ರಶ್ನೆ ಇಡುವುದೆಂದರೆ ಕೇಳಿದ ಕ್ಷಣದ ಕುಂಡಲಿ ಹಾಕುವುದು. ಜಾತಕಕ್ಕಾದರೆ ಹುಟ್ಟಿದ ಹೊತ್ತನ್ನು ನಾವೇ ತುಂಬುತ್ತೇವೆ. ಪ್ರಶ್ನೆಗೆ ಯಂತ್ರದ ಗಡಿಯಾರವೇ ಆಧಾರ.

ಆ ಗಡಿಯಾರ ಪ್ರತಿ ಸಲ ಸ್ವಿಚ್ ಹಾಕಿದಾಗಲೂ 1980ರ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. ಡಾಸ್‌ಗೆ ಅದಕ್ಕಿಂತ ಹಿಂದೆ ಕಾಲವೇ ಇಲ್ಲ. 1984ರ ಐಬಿಎಂ ಎಟಿಯಿಂದೀಚೆಗೆ ಇಂಥ ಯಂತ್ರಗಳಲ್ಲಿ ಗಡಿಯಾರಕ್ಕೆಂದೇ ಒಂದು ಪುಟ್ಟ ಚಿಪ್ ಇರುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳೊಂದು ಅದನ್ನು ನಡೆಸುತ್ತದೆ, ಕರೆಂಟು ಹೋದಾಗ ಬ್ಯಾಟರಿ ಕಾಯುತ್ತದೆ. ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸತ್ತರೆ ಸುಮ್ಮನಿರುವುದಿಲ್ಲ, ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕಡಲಗಾಳಿಯ ಕಾಪುವಿನಲ್ಲಿ ಕೇಳುವುದೇ ಬೇಡ. ಸೋರಿದ್ದನ್ನು ಒರೆಸಿ, ತುಂಡಾದ ಗೆರೆಗೆ ತಂತಿ ಬೆಸೆದು, ಮಣಿಪಾಲದಿಂದ ತಂದ ಹೊಸ ಬ್ಯಾಟರಿ ಕೂರಿಸಿದ ಮೇಲೆ ತಾರೀಕು ನಿಂತಿತು.

ಆದರೆ ಕುಂಡಲಿ ಸರಿಹೋಗಲಿಲ್ಲ. ಚಂದ್ರ ಸುಮಾರು ಆರು ಅಂಶ ಮುಂದಿದ್ದ, ಅಂದರೆ ಹೆಚ್ಚುಕಡಿಮೆ ಅರ್ಧ ನಕ್ಷತ್ರದಷ್ಟು. ಲಗ್ನವಂತೂ ಎಲ್ಲೋ ಇತ್ತು. “ಇದು ಮೊದಲಿಂದಲೂ ಹೀಗೇ ಮಾರಾಯ್ರೆ. ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಮಳೆಗಾಲದಲ್ಲಿ ಒಂಬತ್ತೂವರೆ ಗಂಟೆ ಕಳೆದು ನೋಡುವುದು” ಎಂದರು ಜೋಯಿಸರು, ಏನೂ ವಿಶೇಷವಿಲ್ಲದವರ ಹಾಗೆ.

ಉತ್ತರವಿದ್ದದ್ದು ಈ ಮಾತಿನಲ್ಲೇ. ವರ್ಷಕ್ಕೆರಡು ಸಲ ಒಂದು ಗಂಟೆ ಆಚೀಚೆ ಆಗುವ ಗಡಿಯಾರ ನಮ್ಮ ದೇಶದ್ದಲ್ಲ. ಡಾಸ್‌ಗೆ ತಾನು ಯಾವ ಊರಿನಲ್ಲಿದ್ದೇನೆ ಎಂಬ ಅರಿವಿಲ್ಲ. ಯಾರೂ ಹೇಳದಿದ್ದರೆ ಟರ್ಬೊ ಸಿ ತಾನು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದೇನೆಂದೇ ತಿಳಿಯುತ್ತದೆ. ಗ್ರೀನಿಚ್ ಸಮಯಕ್ಕಾಗಿ ಕಾಪುವಿನ ಗಂಟೆಯಿಂದ ಐದೂವರೆ ಕಳೆಯುವ ಬದಲು ಐದು ಕೂಡಿಸುತ್ತದೆ, ಅಲ್ಲಿನ ಬೇಸಿಗೆಯಲ್ಲಿ ನಾಲ್ಕು. ಒಟ್ಟು ತಪ್ಪು ಹತ್ತೂವರೆ ಅಥವಾ ಒಂಬತ್ತೂವರೆ.

ಊರು ತಿಳಿಸುವ ದಾರಿಯೇನೋ ಇದೆ, ಟಿಜೆಡ್ ಎಂಬ ಸೆಟ್ಟಿಂಗ್. ತಮಾಷೆಯೆಂದರೆ ಟರ್ಬೊ ಸಿ ಅಲ್ಲಿ ಪೂರ್ಣ ಗಂಟೆಗಳನ್ನಷ್ಟೇ ಒಪ್ಪುತ್ತದೆ. ಐದು ಬರೆಯಬಹುದು, ಆರು ಬರೆಯಬಹುದು. ಐದೂವರೆಗೆ ಜಾಗವಿಲ್ಲ. ಫ್ಲಾಪಿಯಲ್ಲಿ ಹುಡುಗ ಬರೆದ ಮೂಲ ಪ್ರತಿ ಉಳಿದಿದ್ದರಿಂದ ಅದರೊಳಗೇ ಮೈನಸ್ 19,800 ಸೆಕೆಂಡ್ ಎಂದು ನೇರವಾಗಿ ಬರೆದದ್ದಾಯಿತು. ಚಂದ್ರ ತನ್ನ ಮನೆಗೆ ಬಂದ.

ಈ ಅರ್ಧ ಗಂಟೆಯ ಕಥೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಭೂಮಿ ಒಂದು ರೇಖಾಂಶ ತಿರುಗಲು ನಾಲ್ಕು ನಿಮಿಷ ಬೇಕು. ಕಾಪು ಮತ್ತು ಕಾರ್ಕಳದ ನಡುವೆ ಕಾಲು ಅಂಶದ ಅಂತರ, ಹಾಗಾಗಿ ಕಾರ್ಕಳದಲ್ಲಿ ಮಧ್ಯಾಹ್ನವಾದ ಒಂದು ನಿಮಿಷಕ್ಕೆ ಕಾಪುವಿನ ದೀಪಸ್ತಂಭದ ಮೇಲೆ ಮಧ್ಯಾಹ್ನ. ಹಳೆಯ ಸಿದ್ಧಾಂತಗಳ ಮಧ್ಯರೇಖೆ ಉಜ್ಜಯಿನಿಯ ಮೇಲೆ ಹಾಯುತ್ತಿತ್ತು. ಅದಕ್ಕೂ ಉಡುಪಿಗೂ ನಾಲ್ಕೇ ನಿಮಿಷದ ದೇಶಾಂತರ. 1906ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣ ಸಮಯವಾದರೋ 82.5 ಅಂಶದ ರೇಖೆಯದ್ದು. ಉಡುಪಿಯ ಸೂರ್ಯನಿಗೂ ಅದಕ್ಕೂ ಮೂವತ್ತೊಂದು ನಿಮಿಷದ ವ್ಯತ್ಯಾಸ. ಗಡಿಯಾರ ಹನ್ನೆರಡು ತೋರಿಸುವಾಗ ಇಲ್ಲಿ ನೆರಳು ಇನ್ನೂ ಪಡುವಣಕ್ಕೇ ಬಿದ್ದಿರುತ್ತದೆ. ಅದಕ್ಕೆ ಮೊದಲು ರೈಲು ಮತ್ತು ತಂತಿ ಇಲಾಖೆಗಳು ಮದ್ರಾಸ್ ಸಮಯದಲ್ಲಿ ನಡೆಯುತ್ತಿದ್ದವು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಹೊಸ ಸಮಯದ ಜೊತೆಗೇ. ಇಲ್ಲಿಂದ ಹೋಟೆಲು ಕೆಲಸಕ್ಕೆ ಮುಂಬಯಿಗೆ ಹೋದವರು ಅಲ್ಲಿ ಇನ್ನೂ ಬಹುಕಾಲ ಉಳಿದಿದ್ದ ಬಾಂಬೆ ಟೈಮಿನ ಗಡಿಯಾರಗಳನ್ನು ನೋಡಿರಬೇಕು. ಅವು ಊರಿನ ಗಡಿಯಾರಕ್ಕಿಂತ ಮೂವತ್ತೊಂಬತ್ತು ನಿಮಿಷ ಹಿಂದೆ.

ಇದಕ್ಕಿಂತ ತೊಡಕಿನದು ಯುದ್ಧಕಾಲ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಇಡೀ ದೇಶದ ಗಡಿಯಾರಗಳು ಒಂದು ಗಂಟೆ ಮುಂದಿದ್ದವು. ಆ ಜನವರಿಗಳಲ್ಲಿ ಉಡುಪಿಯಲ್ಲಿ ಸೂರ್ಯ ಹುಟ್ಟುವಾಗ ಗಂಟೆ ಎಂಟರ ಹತ್ತಿರ. ಇಂದಿನ ಕಂಪ್ಯೂಟರುಗಳ ಸಮಯವಲಯ ಕೋಶದಲ್ಲಿ ಈ ಬದಲಾವಣೆ ದಾಖಲಾಗಿದೆ. ಆ ಡಾಸ್ ಯಂತ್ರಕ್ಕೆ ಗೊತ್ತಿಲ್ಲ. ಎಷ್ಟೋ ಕಾಗದಪತ್ರ ಓದುವವರಿಗೂ ಗೊತ್ತಿರುವುದಿಲ್ಲ. 1943ರ ದಾಖಲೆಯೊಂದರಲ್ಲಿ ‘ಬೆಳಿಗ್ಗೆ ಏಳು ಗಂಟೆ’ ಎಂದಿದ್ದರೆ, ಸಂಶೋಧಕ ಅದನ್ನು ಬೆಳಕು ಹರಿದ ಹೊತ್ತು ಎಂದುಕೊಳ್ಳುತ್ತಾನೆ. ಡಿಸೆಂಬರ್, ಜನವರಿಯಾದರೆ ಆಗ ಕತ್ತಲೆಯೇ ಇತ್ತು. ಸಾಕ್ಷಿ ಮುಖ ಗುರುತಿಸಿದನೇ ಇಲ್ಲವೇ ಎಂಬ ಪ್ರಶ್ನೆ ಅದರ ಮೇಲೆ ನಿಲ್ಲಬಹುದು.

ಜೋಯಿಸರ ಬಳಿ ಈ ಮೂರು ವರ್ಷಗಳಲ್ಲಿ ಹುಟ್ಟಿದ ಅಜ್ಜ ಅಜ್ಜಿಯರ ಜಾತಕಗಳು ಈಗಲೂ ಬರುತ್ತವೆ. ಸೂರ್ಯೋದಯದಿಂದ ಇಷ್ಟು ಘಳಿಗೆ ಎಂದು ಬರೆದಿಟ್ಟಿದ್ದರೆ ತೊಂದರೆಯಿಲ್ಲ, ಸೂರ್ಯನಿಗೆ ಯುದ್ಧದ ಹಂಗಿಲ್ಲ. ಗಂಟೆ ನಿಮಿಷಗಳಲ್ಲಿ ಬರೆದಿದ್ದರೆ ಒಂದು ಗಂಟೆ ಕಳೆಯಬೇಕು, ಇಲ್ಲದಿದ್ದರೆ ಲಗ್ನವೇ ಬದಲಾಗುವ ಸಾಧ್ಯತೆಯಿದೆ. ಆದರೆ ಗೋಡೆ ಗಡಿಯಾರಕ್ಕೆ ಕೀಲಿ ಕೊಡುವ ಯಜಮಾನ ಸರಕಾರದ ಮಾತು ಕೇಳಿ ಮುಳ್ಳು ಮುಂದಿಟ್ಟಿದ್ದನೇ, ಹಳೆಯ ಹೊತ್ತಿಗೇ ಬಿಟ್ಟಿದ್ದನೇ? ಹಾಗಾಗಿ ಅವರು ಈಗ ಯಂತ್ರಕ್ಕೆ ಸ್ವಿಚ್ ಹಾಕುವ ಮೊದಲು ಬಂದವರನ್ನು ವಿಚಾರಿಸುತ್ತಾರೆ: ಹೆರಿಗೆ ಆಸ್ಪತ್ರೆಯಲ್ಲಾದದ್ದೋ, ಮನೆಯಲ್ಲೋ? ಮನೆಯಲ್ಲಾದರೆ, ಗಡಿಯಾರ ನೋಡಿದವರು ಯಾರು?