ಮಾತೃಶಾಲೆ: ದೇಶಭ್ರಷ್ಟರ ಮನೆಗಳಲ್ಲಿ ಬೈಬಲ್ ಬೋಧೆ

ಶಿಕ್ಷಣದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮಠ, ಪಾಠಶಾಲೆ, ವಿಶ್ವವಿದ್ಯಾನಿಲಯಗಳಿಂದ ತೊಡಗುತ್ತಾರೆ. ಅಕ್ಷರ ಕಲಿಯುವ ಮುನ್ನ ಮಗು ಮನೆಯಲ್ಲಿ ಕೇಳಿದ ಕಥೆಗಳಿಗೆ ಆ ಇತಿಹಾಸದಲ್ಲಿ ಸ್ಥಾನ ದೊರೆಯುವುದು ವಿರಳ. ಅವುಗಳಿಗೆ ಹಾಜರಿ ಪುಸ್ತಕವೂ ಇಲ್ಲ, ಪರೀಕ್ಷೆಯೂ ಇಲ್ಲ. ಆದರೆ ಒಂದು ಸಮುದಾಯವು ನೆಲವನ್ನು ಕಳೆದುಕೊಂಡಾಗ ಅದರ ಕೈಯಲ್ಲಿ ಉಳಿಯುವುದು ಈ ಮನೆಪಾಠವೊಂದೇ. ಅದು ಎಷ್ಟನ್ನು ಉಳಿಸಬಲ್ಲುದು, ಎಷ್ಟನ್ನು ಉಳಿಸಲಾರದು ಎಂಬ ಪ್ರಶ್ನೆಗೆ ಹದಿನೇಳನೆಯ ಶತಮಾನದ ಮೊರಾವಿಯದ ಚರಿತ್ರೆ ಒಂದು ಉತ್ತರವನ್ನು ಕೊಡುತ್ತದೆ. ಹೊರನಾಡಿನಲ್ಲಿ ನೆಲೆಸಿದ ನಾವು ಅದನ್ನು ಗಮನಿಸುವುದು ಯುಕ್ತವಾಗಿದೆ.

ಮನೆಯೇ ಧರ್ಮದ ಮೊದಲ ಪಾಠಶಾಲೆಯೆಂಬ ಭಾವನೆ ಬೈಬಲ್ಲಿನಷ್ಟೇ ಹಳೆಯದು. ದೇವರ ಮಾತುಗಳನ್ನು ಮನೆಯಲ್ಲಿ ಕುಳಿತಾಗಲೂ ದಾರಿ ನಡೆಯುವಾಗಲೂ ಮಕ್ಕಳಿಗೆ ಹೇಳಬೇಕೆಂದು ಧರ್ಮೋಪದೇಶಕಾಂಡವು ವಿಧಿಸುತ್ತದೆ. ಪೌಲನ ಶಿಷ್ಯನಾದ ತಿಮೊಥೆಯನಿಗೆ ನಂಬಿಕೆಯು ಅಜ್ಜಿ ಲೋವಿಯಿಂದಲೂ ತಾಯಿ ಯೂನೀಕೆಯಿಂದಲೂ ಬಂದಿತು. 1529ರಲ್ಲಿ ಮಾರ್ಟಿನ್ ಲೂಥರನು ತನ್ನ ಕಿರು ಪ್ರಶ್ನೋತ್ತರ ಗ್ರಂಥವನ್ನು ಮನೆಯ ಯಜಮಾನನೇ ಮನೆಮಂದಿಗೆ ಕಲಿಸತಕ್ಕದ್ದೆಂದು ಬರೆದನು. ಆದರೆ ಆರು ವರ್ಷದೊಳಗಿನ ಮಗುವಿನ ಶಕ್ತಿಯನ್ನು ಅಳೆದು, ಅದಕ್ಕೆ ತಕ್ಕ ಕೈಪಿಡಿಯೊಂದನ್ನು ತಂದೆತಾಯಿಗಳಿಗಾಗಿ ರಚಿಸಿದ ಕೀರ್ತಿ ಯಾನ್ ಆಮೊಸ್ ಕೊಮೇನಿಯಸನದು.

ಕೊಮೇನಿಯಸನು (1592–1670) ಮೊರಾವಿಯದವನು, ಸಹೋದರರ ಐಕ್ಯವೆಂಬ ಸುಧಾರಣಾವಾದಿ ಪಂಥದ ಪಾದ್ರಿ. ಈ ಪಂಥದ ವಿದ್ವಾಂಸರೇ 1579ರಿಂದ ಆರು ಸಂಪುಟಗಳಲ್ಲಿ ಚೆಕ್ ಭಾಷೆಯ ಕ್ರಾಲಿಟ್ಸೆ ಬೈಬಲನ್ನು ಹೊರತಂದಿದ್ದರು. 1620ರ ಬಿಳಿಬೆಟ್ಟದ ಯುದ್ಧದಲ್ಲಿ ಬೊಹೀಮಿಯದ ಪ್ರಾಟೆಸ್ಟೆಂಟರು ಸೋತ ಮೇಲೆ ಪಂಥಕ್ಕೆ ದುರ್ದೆಸೆ ಪ್ರಾಪ್ತವಾಯಿತು. 1622ರಲ್ಲಿ ಕೊಮೇನಿಯಸನ ಹೆಂಡತಿಯೂ ಇಬ್ಬರು ಮಕ್ಕಳೂ ಪ್ಲೇಗಿಗೆ ಬಲಿಯಾದರು. 1628ರಲ್ಲಿ ಅವನು ಸ್ವಧರ್ಮೀಯರೊಡನೆ ಗಡಿ ದಾಟಿ ಪೋಲೆಂಡಿನ ಲೆಶ್ನೊ ಪಟ್ಟಣವನ್ನು ಸೇರಿದನು. ಮರಳಿ ಊರಿಗೆ ಹೋಗುವೆವೆಂಬ ಆಸೆ ಆಗಿನ್ನೂ ಬತ್ತಿರಲಿಲ್ಲ. ಮಾತೃಶಾಲೆಯ ಕೈಪಿಡಿಯನ್ನು ಅವನು ಅಲ್ಲಿಯೇ, ಚೆಕ್ ಭಾಷೆಯಲ್ಲಿಯೇ ಬರೆದನು. ಆದರೆ 1633ರಲ್ಲಿ ಅಚ್ಚಾದುದು ಅದರ ಜರ್ಮನ್ ರೂಪ. ಚೆಕ್ ಮೂಲವು ಹತ್ತೊಂಬತ್ತನೆಯ ಶತಮಾನದವರೆಗೆ ಹಸ್ತಪ್ರತಿಯಾಗಿಯೇ ಉಳಿಯಿತು.

ಅವನ ಯೋಜನೆಯಲ್ಲಿ ಶಿಕ್ಷಣಕ್ಕೆ ನಾಲ್ಕು ಮೆಟ್ಟಿಲುಗಳಿವೆ: ಮನೆಮನೆಗೆ ಮಾತೃಶಾಲೆ, ಊರೂರಿಗೆ ದೇಶಭಾಷೆಯ ಶಾಲೆ, ಪಟ್ಟಣಕ್ಕೆ ಲ್ಯಾಟಿನ್ ಶಾಲೆ, ಪ್ರಾಂತಕ್ಕೆ ವಿದ್ಯಾಪೀಠ. ಮೊದಲ ಮೆಟ್ಟಿಲಿನಲ್ಲಿ ತಾಯಿಯ ಮಡಿಲೇ ತರಗತಿ. ಮಗು ಮೊದಲು ಕೈ ಜೋಡಿಸಲು ಕಲಿಯುತ್ತದೆ, ಬಳಿಕ ಕಿರುಪ್ರಾರ್ಥನೆ, ಅನಂತರ ಕರ್ತನ ಪ್ರಾರ್ಥನೆಯು ಚಿಕ್ಕ ಚಿಕ್ಕ ತುಂಡುಗಳಾಗಿ ಅದರ ನಾಲಗೆಗೆ ಬರುತ್ತದೆ. ಇದರ ಜೊತೆಗೆ ಇತಿಹಾಸಕ್ಕೂ ಪ್ರವೇಶವಿದೆ. ನಿನ್ನೆ ಏನು ನಡೆಯಿತು, ಹೋದ ವರ್ಷ ಏನಾಯಿತು ಎಂದು ಮಗು ನೆನೆದು ಹೇಳಬೇಕು. ಈ ಕ್ರಮದಲ್ಲಿ ಆಳವಾದ ವಿವೇಕವಿದೆಯೆಂದು ನನಗೆ ತೋರುತ್ತದೆ. ತನ್ನ ನಿನ್ನೆಯನ್ನು ಕಥೆಯಾಗಿ ಹೇಳಬಲ್ಲ ಮಗುವೇ ಅಬ್ರಹಾಮನ ಪಯಣವನ್ನೋ ಮೋಶೆಯ ಬುಟ್ಟಿಯನ್ನೋ ಕಥೆಯಾಗಿ ಗ್ರಹಿಸಬಲ್ಲದು. ಎಳೆಯರಿಗೆ ಚಿತ್ರಪುಸ್ತಕವೊಂದು ಬೇಕೆಂದೂ ಅವನು ಹೇಳಿದನು. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟವಾದ 'ಓರ್ಬಿಸ್ ಪಿಕ್ಟಸ್' ಆ ವಿಚಾರದ ಫಲ. ಅದರಲ್ಲಿ ಮನುಷ್ಯನೆಂಬ ಪಾಠ ಆದಾಮ ಹವ್ವರಿಂದ ಮೊದಲಾಗುತ್ತದೆ. ಅಕ್ಕಸಾಲೆ, ಕಮ್ಮಾರ, ಗಿಡಮರಗಳ ಸಾಲಿನಲ್ಲಿಯೇ ಬೈಬಲ್ ಕಥೆಯೂ ಲೋಕದ ಒಂದು ಸಂಗತಿಯಾಗಿ ಕಾಣಿಸಿಕೊಳ್ಳುತ್ತದೆ.

ಈ ಮನೆಪಾಠದ ಪರಿಣಾಮವನ್ನು ಎರಡು ಕಡೆ ನೋಡಬೇಕು. ಊರಿನಲ್ಲಿಯೇ ಉಳಿದವರು ಮೇಲ್ನೋಟಕ್ಕೆ ರಾಜಧರ್ಮವನ್ನು ಒಪ್ಪಿ, ಕ್ರಾಲಿಟ್ಸೆ ಬೈಬಲನ್ನು ಮನೆಯೊಳಗೆ ಅಡಗಿಸಿಟ್ಟುಕೊಂಡರು. ನಿಷಿದ್ಧ ಗ್ರಂಥಗಳನ್ನು ಹುಡುಕಿ ಸುಡಲಾಗುತ್ತಿತ್ತು. ಬಹಿರಂಗವಾದ ಶಾಲೆಯಾಗಲಿ ದೇವಾಲಯವಾಗಲಿ ಅವರಿಗಿರಲಿಲ್ಲ. ಆದರೂ ಸುಮಾರು 150 ವರ್ಷಗಳ ಮೇಲೆ, 1781ರಲ್ಲಿ, ಎರಡನೆಯ ಜೋಸೆಫ್ ಚಕ್ರವರ್ತಿ ಸಹಿಷ್ಣುತೆಯ ಶಾಸನವನ್ನು ಹೊರಡಿಸಿದಾಗ ಸಹಸ್ರಾರು ಮಂದಿ ತಾವು ಪ್ರಾಟೆಸ್ಟೆಂಟರೆಂದು ಮುಂದೆ ಬಂದರು. ಮನೆಯೊಳಗಿನ ಪಿಸುಮಾತು ಐದಾರು ತಲೆಮಾರುಗಳನ್ನು ದಾಟಿತ್ತು.

ದೇಶಬಿಟ್ಟವರ ಕಥೆ ಬೇರೆ. 1656ರಲ್ಲಿ ಲೆಶ್ನೊ ಬೆಂಕಿಗೆ ತುತ್ತಾಯಿತು. ನಾಲ್ಕು ದಶಕಗಳಿಂದ ಕೊಮೇನಿಯಸನು ಕೂಡಿಸಿದ್ದ ಚೆಕ್ ನಿಘಂಟಿನ ಹಸ್ತಪ್ರತಿಯೂ ಅದರಲ್ಲಿ ಭಸ್ಮವಾಯಿತು. ಅವನ ಮಗಳ ಮಗ ಡೇನಿಯಲ್ ಎರ್ನ್ಸ್ಟ್ ಯಾಬ್ಲೊನ್ಸ್ಕಿ ಬರ್ಲಿನ್ನಿನಲ್ಲಿ ಪ್ರಷ್ಯದ ಆಸ್ಥಾನ ಪಾದ್ರಿಯಾದನು. ತಾತನ ಪಂಥದ ಬಿಷಪ್ ಪದವಿಯನ್ನು ಅವನು ಕಾಪಾಡಿಕೊಂಡು ಬಂದು, 1735ರಲ್ಲಿ ಹರ್ನ್‌ಹೂಟಿನ ನವೀಕೃತ ಮೊರಾವಿಯ ಸಭೆಗೆ ದಾಟಿಸಿದನು. ನಂಬಿಕೆ ಉಳಿಯಿತು, ಜಗತ್ತಿನಾದ್ಯಂತ ಹಬ್ಬಿತು. ಆದರೆ ಆ ಸಭೆಯ ಭಾಷೆ ಬಹುಮಟ್ಟಿಗೆ ಜರ್ಮನ್ ಆಗಿತ್ತು.

ಕಾರಣವನ್ನು ಕೊಮೇನಿಯಸನ ಯೋಜನೆಯಲ್ಲಿಯೇ ಹುಡುಕಬಹುದು. ಕಥೆಯು ಒಂದು ಭಾಷೆಯಿಂದ ಮತ್ತೊಂದಕ್ಕೆ ದಾಟಬಲ್ಲದು. ದಾಟಿಯೂ ಕಥೆಯಾಗಿಯೇ ಇರುತ್ತದೆ. ಜರ್ಮನಿಯ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತೆಯನ್ನು 'ಕಥಾಮಾಲೆ'ಯಾಗಿ ಕನ್ನಡ ಪದ್ಯದಲ್ಲಿ ಹೆಣೆದುದು ನಮಗೆ ಸಮೀಪದ ನಿದರ್ಶನ. ಭಾಷೆಗೆ ಅಂಥ ಸೌಕರ್ಯವಿಲ್ಲ. ಮಾತೃಶಾಲೆಯ ಮೇಲೆ ದೇಶಭಾಷೆಯ ಶಾಲೆಯೆಂಬ ಎರಡನೆಯ ಮೆಟ್ಟಿಲು ಇಲ್ಲದೆ ಅದು ನಿಲ್ಲಲಾರದು. ಊರಿನಲ್ಲಿ ಉಳಿದವರಿಗೆ ಶಾಲೆ ಇಲ್ಲದಿದ್ದರೂ ಹೊಲ, ಸಂತೆ, ನೆರೆಹೊರೆಗಳೇ ಆ ಮೆಟ್ಟಿಲಾದುವು. ಹೊರಗೆ ಹೋದವರಿಗೆ ಅದು ಒದಗಲಿಲ್ಲ.

ನಮ್ಮನ್ನು ಯಾರೂ ಗಡೀಪಾರು ಮಾಡಿಲ್ಲ. ಉದ್ಯೋಗವನ್ನರಸಿ ನಾವಾಗಿಯೇ ಬಂದವರು. ಆದುದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆದರೂ ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹೇಳುವ ರಾಮನ ಕಥೆ, ಗೋವಿನ ಕಥೆ, ಕ್ರೈಸ್ತ ಕನ್ನಡಿಗರ ಮನೆಗಳಲ್ಲಿ ಯೋಸೇಫನ ಕಥೆ, ಮೊಮ್ಮಕ್ಕಳಿಗೆ ತಲಪುವುದರಲ್ಲಿ ಸಂದೇಹವಿಲ್ಲ. ಆ ಮೊಮ್ಮಕ್ಕಳು ಅದನ್ನು ಮುಂದೆ ಯಾವ ಭಾಷೆಯಲ್ಲಿ ಹೇಳಿಯಾರು ಎಂಬುದೇ ಸಂದೇಹ. ಮೊದಲ ಮೆಟ್ಟಿಲನ್ನು ಮನೆಗಳು ನೋಡಿಕೊಳ್ಳುತ್ತವೆ. ಆರು ವರ್ಷ ತುಂಬಿದ ಮಗುವಿಗೆ ಕನ್ನಡದಲ್ಲಿ ಓದಲು, ಬರೆಯಲು, ಓರಗೆಯವರೊಡನೆ ಆಡಲು ಎಡೆಮಾಡಿಕೊಡುವ ಎರಡನೆಯ ಮೆಟ್ಟಿಲು ನಮ್ಮಂಥ ಸಂಘಗಳ ಹೊಣೆ. ನಾಡಹಬ್ಬ, ನಾಟಕಗಳಿಗೆ ನಾವು ತೆಗೆದಿಡುವ ಹಣದಲ್ಲಿ ಈ ಬಾಬಿಗೆ ಎಷ್ಟು ಸಲ್ಲುತ್ತದೆಂಬುದನ್ನು ಸದಸ್ಯರು ವಾರ್ಷಿಕ ಲೆಕ್ಕಪತ್ರವನ್ನು ತೆರೆದು ನೋಡಬಹುದು.