ಹೊನ್ನಾವರದ ತಿಮ್ಮೋಜ: ಕಡಲ್ಗಳ್ಳನೋ, ನೌಕಾನಾಯಕನೋ?

ವಾಚಕರೇ, ಹಳದೀಪುರದಿಂದ ದಕ್ಷಿಣಕ್ಕೆ ಕೆಲವೇ ಮೈಲಿ ಸಾಗಿದರೆ ಶರಾವತಿಯು ಕಡಲನ್ನು ಸೇರುವ ಹೊನ್ನಾವರವನ್ನು ಕಾಣುವಿರಿ. ವಿಜಯನಗರದ ರಾವುತರಿಗೆ ಬೇಕಾದ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ರೇವುಗಳಲ್ಲಿ ಇದೂ ಒಂದು. ತಿಮ್ಮೋಜನ ನೌಕಾಬಲದ ನೆಲೆ ಇದೇ ಆಗಿತ್ತು.

1498ರಲ್ಲಿ ಅಂಜದೀವ ದ್ವೀಪದ ಬಳಿ ಅವನ ನಾವೆಗಳನ್ನು ಕಂಡ ವಾಸ್ಕೊ ಡ ಗಾಮನ ಸಂಗಡಿಗರು ಗುಂಡು ಹಾರಿಸಿ ಓಡಿಸಿದರು. ತಮ್ಮ ದಿನಚರಿಯಲ್ಲಿ ಆ ನಾವೆಗಳವರನ್ನು ಕಡಲ್ಗಳ್ಳರೆಂದೇ ಬರೆದಿಟ್ಟರು. 1505ರಲ್ಲಿ ಅಲ್ಮೇಡನು ಹೊನ್ನಾವರದ ಮೇಲೆರಗಿ ರೇವಿನ ಹಡಗುಗಳನ್ನು ಸುಟ್ಟನು. ಸುಟ್ಟವನಿಗೆ ಮಾತ್ರ ಆ ಹೆಸರು ಅಂಟಲಿಲ್ಲವೆಂಬುದನ್ನು ಗಮನಿಸಬೇಕು! ಅರಸನ ಅನುಮತಿಯಿಂದ ಶತ್ರುವಿನ ಹಡಗನ್ನು ಹಿಡಿಯುವವನನ್ನು ಯುರೋಪು ಗೌರವಿಸುತ್ತಿತ್ತು. ಸ್ಪೇನಿನ ಹಡಗುಗಳನ್ನು ಸುಲಿದ ಡ್ರೇಕನಿಗೆ ಇಂಗ್ಲೆಂಡಿನ ರಾಣಿ ಎಲಿಜಬೆತ್ 1581ರಲ್ಲಿ ಬಿರುದನ್ನಿತ್ತಳು.

1510ರಲ್ಲಿ ಕೆಂಪು ಸಮುದ್ರಕ್ಕೆ ಹೊರಟಿದ್ದ ಆಲ್ಬುಕರ್ಕನನ್ನು ಬಿಜಾಪುರದ ವಶದಲ್ಲಿದ್ದ ಗೋವೆಯತ್ತ ತಿರುಗಿಸಿದವನು ಇದೇ 'ಕಳ್ಳ'ನು. ಫೆಬ್ರವರಿಯಲ್ಲಿ ಗೆದ್ದು ಮೇ ತಿಂಗಳಲ್ಲಿ ಕಳೆದುಕೊಂಡ ನಗರವನ್ನು ಪೋರ್ಚುಗೀಜರು ನವೆಂಬರ್ 25ರಂದು ಮತ್ತೆ ವಶಪಡಿಸಿಕೊಂಡರು. ಅದು ಅವರ ಕೈಯಿಂದ ಜಾರಿದ್ದು 1961ರಲ್ಲಿ. ಗೋವೆಯು ತನಗೇ ದಕ್ಕೀತೆಂದು ತಿಮ್ಮೋಜನು ಎಣಿಸಿದ್ದನು. ಕೋಟೆಯನ್ನು ತನ್ನಲ್ಲೇ ಇರಿಸಿಕೊಂಡ ಆಲ್ಬುಕರ್ಕನು ಅವನಿಗೆ ಕೊಟ್ಟದ್ದು ಸುತ್ತಲಿನ ಭೂಮಿಯ ಕಂದಾಯವನ್ನು ವಸೂಲು ಮಾಡುವ ಗುತ್ತಿಗೆಯನ್ನು.